ಅಮ್ಮನನ್ನು ಕೆನ್ಯಾ–ಟಾಂಜಾನಿಯಾಕ್ಕೆ ಕರೆದುಕೊಂಡು ಹೋಗಬೇಕು: 11 ದಿನದ ಟೂರ್ ಸರೀನಾ?

ತುಮಕೂರಿನವಳು, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮನಿಗೆ ಈಗ 66. ಗುಬ್ಬಿ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ನಾನೂ ಅವರ ಕ್ಲಾಸಿನಲ್ಲೇ ಕೂತು ಓದಿದವಳು. ಆಫ್ರಿಕಾದ ನಕ್ಷೆಯನ್ನು ಪುಸ್ತಕ ನೋಡದೆ, ಸೀಮೆಸುಣ್ಣ ಎತ್ತದೆ, ಒಂದೇ ಗೆರೆಯಲ್ಲಿ ಬೋರ್ಡ್ ಮೇಲೆ ಬರೆಯುತ್ತಿದ್ದರು. ಆಮೇಲೆ ವಿಕ್ಟೋರಿಯಾ ಸರೋವರಕ್ಕೆ ಒಂದು ಸೊನ್ನೆ, ಕಿಲಿಮಂಜಾರೋಗೆ ಒಂದು ಚುಕ್ಕಿ, ಮಧ್ಯದಲ್ಲಿ ಭೂಮಧ್ಯ ರೇಖೆ.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಡೊಂಬಿವಲಿಯಲ್ಲೇ ಇದ್ದಾರೆ. ಹೋದ ಚಳಿಗಾಲದಲ್ಲಿ ಐರೋಲಿಗೆ ಕರೆದುಕೊಂಡು ಹೋಗಿ, ದೋಣಿಯಲ್ಲಿ ಕೂರಿಸಿ, ಠಾಣೆ ಖಾರಿಯ (ಸಮುದ್ರದ ಹಿನ್ನೀರಿನ) ಫ್ಲೆಮಿಂಗೊ ಹಕ್ಕಿಗಳನ್ನು ತೋರಿಸಿದೆ. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆಫ್ರಿಕಾದ ಉಪ್ಪು ಕೆರೆಗಳಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ ಅಂತ ಎಷ್ಟು ವರ್ಷ ಪಾಠ ಮಾಡಿದೆ, ನೋಡಲಿಲ್ಲ" ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಮೂರು ವರ್ಷ ಆರ್‌ಡಿ ಕಟ್ಟಿದ ದುಡ್ಡು ಈಗ ಕೈಗೆ ಬಂದಿದೆ. ಮುಂಬೈಯಿಂದ ಹೊರಡುವ ಒಂದು ಗ್ರೂಪ್ ಟೂರ್ ನೋಡಿದ್ದೇನೆ. ಆಗಸ್ಟ್‌ನಲ್ಲಿ, 11 ದಿನ, 14 ಜನ. ಕೆನ್ಯಾದಲ್ಲಿ ನೈರೋಬಿ, ಆಮೇಲೆ ಕಾಡುಪ್ರಾಣಿ ನೋಡುವ ಜಾಗಗಳಾದ ಅಂಬೋಸೆಲಿ, ನಕುರು, ಮಸಾಯಿ ಮಾರಾ, ಅಲ್ಲಿಂದ ಗಡಿ ದಾಟಿ ಟಾಂಜಾನಿಯಾದ ಸೆರೆಂಗೆಟಿ, ನ್ಗೊರೊಂಗೊರೊ ಕಾಡು, ಅರೂಷಾ ಪಟ್ಟಣ, ವಾಪಸ್ ನೈರೋಬಿ. ಮಧ್ಯದಲ್ಲಿ, ದನ ಸಾಕುವ ಮಸಾಯಿ ಜನರ ಒಂದು ಹಳ್ಳಿಯ ಭೇಟಿ.

ನನ್ನ ಚಿಂತೆಗಳು ಇವು. ಅಮ್ಮನಿಗೆ ಮಂಡಿ ನೋವಿದೆ, ನಡೆಯುತ್ತಾರೆ, ಆದರೆ ಎತ್ತರದ ಮೆಟ್ಟಿಲು ಹತ್ತೋದು ಕಷ್ಟ. ಹಳದಿ ಜ್ವರದ ಲಸಿಕೆ ಹಾಕಿಸಬೇಕು ಅನ್ನುತ್ತಾರೆ, ಈ ವಯಸ್ಸಿಗೆ ಸರೀನಾ? ನಾವು ಮೊಟ್ಟೆಯನ್ನೂ ತಿನ್ನೋದಿಲ್ಲ, ಊಟಕ್ಕೆ ಏನು ಮಾಡೋದು? ಆಗಸ್ಟ್ ಒಳ್ಳೆಯದಾ, ಫೆಬ್ರವರಿನಾ? ಇನ್ನೊಂದು ವಿಷಯ. ಆ ಹಳ್ಳಿ ಭೇಟಿಯ ಬಗ್ಗೆ ನನಗೆ ಯಾಕೋ ಮುಜುಗರ. ಬಸ್ಸಿನಿಂದ ಇಳಿದು ಯಾರದ್ದೋ ಮನೆಯೊಳಗೆ ನುಗ್ಗಿ ಫೋಟೋ ತೆಗೆಯೋದು ಸರಿಯಲ್ಲ ಅನಿಸುತ್ತೆ. ಅದನ್ನು ಬಿಟ್ಟುಬಿಡಲಾ?

ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ನರ್ಸಮ್ಮ, ಮುಲುಂಡ್

ಲಸಿಕೆ ವಿಷಯ ನಾನು ಹೇಳುತ್ತೇನೆ, ಉಳಿದದ್ದು ಹೋಗಿ ಬಂದವರು ಹೇಳಲಿ.

ಹಳದಿ ಜ್ವರದ ಲಸಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆನ್ಯಾದಿಂದ ಟಾಂಜಾನಿಯಾಕ್ಕೆ ದಾಟುವಾಗ ಆ ಕಾರ್ಡ್ ಕೇಳುತ್ತಾರೆ. ವಾಪಸ್ ಮುಂಬೈಗೆ ಇಳಿದಾಗಲೂ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಇಲ್ಲಿ 6 ದಿನದವರೆಗೆ ಬೇರೆಯಾಗಿ ಇರಿಸಬಹುದು. ಚುಚ್ಚಿಸಿಕೊಂಡ 10 ದಿನದ ಮೇಲೆ ಮಾತ್ರ ಕಾರ್ಡ್ ನಡೆಯುತ್ತೆ, ಅದಕ್ಕೆ ಕೊನೆಯ ವಾರದವರೆಗೆ ಕಾಯಬೇಡಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. 2016ರಿಂದ ಹಾಗೇ ನಿಯಮ ಇದೆ.

ಆದರೆ 60 ದಾಟಿದವರಿಗೆ ಮೊದಲ ಸಲ ಹಾಕುವಾಗ ಡಾಕ್ಟರು ಸ್ವಲ್ಪ ಯೋಚನೆ ಮಾಡಿಯೇ ಹಾಕಬೇಕು. ಇದು ಜೀವಂತ ವೈರಸ್ಸನ್ನು ಬಲ ಕುಗ್ಗಿಸಿ ಮಾಡಿದ ಲಸಿಕೆ. ಬಹಳ ಅಪರೂಪಕ್ಕೆ ಗಂಭೀರ ತೊಂದರೆ ಆಗುವುದುಂಟು, ಅದು ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ. ಅಮ್ಮ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಮಂಡಿ ನೋವು ಸಂಧಿವಾತದ್ದಾ, ಅದಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ನಡೆಯುತ್ತಿದೆಯಾ? ಇದ್ದರೆ ಮುಚ್ಚಿಡದೆ ಹೇಳಿ. ಮೊಟ್ಟೆಯಿಂದ ಅಲರ್ಜಿ ಇದೆಯಾ ಅಂತಲೂ ಕೇಳುತ್ತಾರೆ. ಯಾಕೆಂದರೆ ಲಸಿಕೆಯನ್ನು ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ. ನೀವು ಮೊಟ್ಟೆ ತಿನ್ನದ ಮನೆಯವರು, ಈ ವಿಷಯ ಅಮ್ಮನಿಗೆ ಮೊದಲೇ ತಿಳಿಸಿ. ಅಲ್ಲಿ ಹೋದ ಮೇಲೆ ಗೊತ್ತಾಗಿ ಬೇಜಾರಾಗುವುದು ಬೇಡ.

ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಬಿಪಿ, ಶುಗರ್ ತೋರಿಸಿ ಒಂದು ಚೀಟಿ ಬರೆಸಿಕೊಳ್ಳಿ. ಮುಂಬೈಯಲ್ಲಿ ಜೆಜೆ ಆಸ್ಪತ್ರೆಯಲ್ಲಿ ಹಾಕುತ್ತಾರೆ, ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯಲ್ಲೂ ಹಾಕುತ್ತಾರೆ. ಮೊದಲೇ ದಿನ ಗೊತ್ತು ಮಾಡಿಕೊಂಡು ಹೋಗಿ, ಅಸಲು ಪಾಸ್‌ಪೋರ್ಟ್ ಬೇಕೇ ಬೇಕು. ಮಲೇರಿಯಾ ಮಾತ್ರೆಯನ್ನೂ ಅದೇ ಡಾಕ್ಟರ ಹತ್ತಿರ ಕೇಳಿ, ಅದನ್ನು ಹೊರಡುವ ಮೊದಲೇ ಶುರು ಮಾಡಬೇಕು. ಮನೆಗೆ ಬಂದ ಮೇಲೂ ಹೇಳಿದಷ್ಟು ದಿನ ಬಿಡದೆ ನುಂಗಬೇಕು. ಬಂದ ಮೇಲೆ ಬಿಟ್ಟುಬಿಡುವವರೇ ಜಾಸ್ತಿ.

ಗದಗದವರು, ನಿಗಡಿ

ತಂಗಿ, ನಿಮ್ಮ ಪ್ರಶ್ನೆಯನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ. ನಾವಿಬ್ಬರೂ ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲೇ, ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋಗಿ ಬಂದವರು. ನನಗೆ 64, ಅವರಿಗೆ 60. ಊರು ಗದಗ, ದುಡಿಮೆ ಎಲ್ಲ ಪುಣೆಯಲ್ಲೇ.

ನಾನು ಹೇಳೋದು ಮುಖ್ಯವಾಗಿ ಒಂದೇ ಮಾತು. ಜಾಗ ಕಡಿಮೆ ಮಾಡಿ, ಇದ್ದ ಜಾಗದಲ್ಲಿ ಜಾಸ್ತಿ ಹೊತ್ತು ಇರಿ. 11 ದಿನದಲ್ಲಿ ನಿಮ್ಮ ಪಟ್ಟಿಯ ಅಷ್ಟೂ ಜಾಗ ಅಂದರೆ, ಅಮ್ಮ ಅರ್ಧ ದಿನಗಳನ್ನು ರಸ್ತೆಯಲ್ಲೇ ಕಳೆಯುತ್ತಾರೆ. ನಕ್ಷೆಯಲ್ಲಿ ಮಾರಾ ಮತ್ತು ಸೆರೆಂಗೆಟಿ ಅಂಟಿಕೊಂಡೇ ಇವೆ. ನಡುವೆ ಬೇಲಿಯೂ ಇಲ್ಲ. ಆದರೆ ನಮ್ಮಂಥವರಿಗೆ ಅಲ್ಲಿ ನೇರ ದಾರಿ ಇಲ್ಲ. 1977ರಲ್ಲಿ ಎರಡು ದೇಶದ ನಡುವೆ ಜಗಳವಾಗಿ ಗಡಿ ಮುಚ್ಚಿತು. 1983ರಲ್ಲಿ ಗಡಿ ತೆರೆಯಿತು, ಆದರೆ ಕಾಡಿನ ನಡುವಿನ ಆ ದಾರಿ ಪ್ರವಾಸಿಗರಿಗೆ ತೆರೆಯಲಿಲ್ಲ. ಹಾಗಾಗಿ ಪಶ್ಚಿಮಕ್ಕೆ ಸುತ್ತು ಹಾಕಿ ಇಸೆಬಾನಿಯಾ ಅನ್ನುವ ಊರಿಗೆ ಬರಬೇಕು. ಆಚೆ ಬದಿಯ ಊರು ಸಿರಾರಿ. ಅಲ್ಲಿ ಕೆನ್ಯಾದ ಗಾಡಿ ಬಿಟ್ಟು ಟಾಂಜಾನಿಯಾದ ಗಾಡಿ ಹತ್ತಬೇಕು, ಗೈಡ್ ಕೂಡ ಬದಲಾಗುತ್ತಾನೆ. ನಾವು ಬೆಳಗ್ಗೆ 6ಕ್ಕೆ ಹೊರಟವರು ಸೆರೆಂಗೆಟಿಯ ಟೆಂಟ್ ಮುಟ್ಟಿದಾಗ ಕತ್ತಲಾಗುತ್ತಿತ್ತು.

ಅದಕ್ಕೆ ನನ್ನ ಸಲಹೆ, ನಕುರು ಬಿಟ್ಟುಬಿಡಿ. ಅಮ್ಮನಿಗೆ ಫ್ಲೆಮಿಂಗೊ ಆಸೆ ಇದೆ ಅಂತ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ನಕುರು ಸರೋವರದ ನೀರು ಇತ್ತೀಚಿನ ವರ್ಷಗಳಲ್ಲಿ ಏರಿದೆ. ಹಳೆಯ ಫೋಟೋದಲ್ಲಿ ಕಾಣುವ ಆ ಗುಲಾಬಿ ದಂಡೆ ಈಗ ಸಿಗುತ್ತೆ ಅಂತ ನಂಬಿ ಹೋಗಬೇಡಿ. ನ್ಗೊರೊಂಗೊರೊದ ಬಾಣಲೆಯಂಥ ದೊಡ್ಡ ಕುಳಿಯ ತಳದಲ್ಲಿ ಮಗಾಡಿ ಅನ್ನುವ ಸೋಡಾ ಕೆರೆ ಇದೆ. ನಾವು ಫ್ಲೆಮಿಂಗೊ ನೋಡಿದ್ದು ಅಲ್ಲೇ. ಲಕ್ಷ ಇರಲಿಲ್ಲ, ಆದರೆ ಹಿಂದೆ 600 ಮೀಟರ್ ಎತ್ತರದ ಗೋಡೆ, ಮುಂದೆ ಕೆರೆ, ಕೆರೆಯ ದಂಡೆಯಲ್ಲೇ ಕತ್ತೆಕಿರುಬ ಅಡ್ಡಾಡುತ್ತಿತ್ತು. ನಿಮ್ಮ ಅಮ್ಮನಂಥ ಟೀಚರಿಗೆ ಅದು ಬೇರೆಯೇ ಪಾಠ. ಅದು ಜ್ವಾಲಾಮುಖಿ ಒಳಗೆ ಕುಸಿದು ಆದ ಬಾಣಲೆ, ತಳವೇ ಸುಮಾರು 260 ಚದರ ಕಿಲೋಮೀಟರ್. ಆನೆ, ಸಿಂಹ, ಕಪ್ಪು ಘೇಂಡಾಮೃಗ ಎಲ್ಲ ಇವೆ. ಜಿರಾಫೆ ಮಾತ್ರ ಇಲ್ಲ. ಆ ಕಡಿದಾದ ಗೋಡೆ ಅವಕ್ಕೆ ಇಳಿಯೋಕೆ ಆಗೋದಿಲ್ಲ ಅಂತ ಗೈಡ್ ಹೇಳಿದ.

ಅಂಬೋಸೆಲಿ ಬೇಕು ಅಂದರೆ ಅದನ್ನು ಮೊದಲಿಗೆ ಇಟ್ಟುಕೊಳ್ಳಬೇಡಿ, ಕೊನೆಗೆ ಇಟ್ಟುಕೊಳ್ಳಿ. ಅರೂಷಾದಿಂದ ನಮಂಗಾ ಗಡಿ ದಾಟಿ ನೈರೋಬಿಗೆ ಬರುವಾಗ ಅದು ಹತ್ತಿರವೇ ಬೀಳುತ್ತೆ. ಹೋದ ದಾರಿಯನ್ನೇ ತುಳಿಯದೆ ಒಂದು ಸುತ್ತು ಮುಗಿಯುತ್ತೆ. ಕಿಲಿಮಂಜಾರೋ ಇರುವುದು ಟಾಂಜಾನಿಯಾದಲ್ಲಿ, ಚೆನ್ನಾಗಿ ಕಾಣುವುದು ಕೆನ್ಯಾದ ಅಂಬೋಸೆಲಿಯಿಂದ. ಬೆಳಗಿನ ಜಾವ ಎದ್ದು ನೋಡಿ, ಹೊತ್ತೇರಿದರೆ ಮೋಡ ಮುಚ್ಚುತ್ತೆ. ಟೂರಿನವರಿಗೆ ಈ ಬದಲಾವಣೆ ಕೇಳಿ ನೋಡಿ. 14 ಜನದಲ್ಲಿ ಇನ್ನೂ ನಾಲ್ಕು ಜನ ನಿಮ್ಮ ಮಾತಿಗೆ ಸೇರಿದರೆ ಒಪ್ಪುತ್ತಾರೆ.

ಮಂಡಿ ವಿಷಯ. ಇದು ನನ್ನ ಕಸುಬಿನ ಮಾತು. ಆಕುರ್ಡಿಯ ಬಜಾಜ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ರಿಕ್ಷಾದ ಚಾಸಿಗೆ ಬೋಲ್ಟ್ ಬಿಗಿದ ಕೈ ಇದು. ಅಲ್ಲಿ ಓಡಾಡುವುದು ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್ ಜೀಪು. ಮಣ್ಣಿನ ರಸ್ತೆ ತುಂಬ ಅಲೆಯಂಥ ಸಾಲುಸಾಲು ಏರುತಗ್ಗು. ಹಿಂದಿನ ಸೀಟು ನೇರ ಹಿಂಗಾಲಿಯ ಮೇಲೆ ಬರುತ್ತೆ, ಪ್ರತಿ ಏಟೂ ಸೊಂಟಕ್ಕೆ, ಮಂಡಿಗೆ. ಡ್ರೈವರ್ ಹಿಂದಿನ ಮೊದಲ ಸಾಲು ಎರಡು ಗಾಲಿಗಳ ನಡುವೆ ಬೀಳುತ್ತೆ, ಅಲ್ಲಿ ಏಟು ಅರ್ಧ. ಅಮ್ಮನಿಗೆ ಆ ಸಾಲಿನ ಕಿಟಕಿ ಬೇಕು ಅಂತ ದುಡ್ಡು ಕಟ್ಟುವ ಮೊದಲೇ ಬರೆಸಿಕೊಳ್ಳಿ. ಒಂದು ಗಾಡಿಗೆ 6 ಜನಕ್ಕಿಂತ ಜಾಸ್ತಿ ಬೇಡ. ಹತ್ತುವ ಮೆಟ್ಟಿಲು ಎತ್ತರ ಇದೆ. ನಮ್ಮ ಮನೆಯವರಿಗೂ ಅದೇ ಕಷ್ಟ, ಅದಕ್ಕೆ ನಾನೇ 9 ಇಂಚಿನ ಒಂದು ಮಡಚುವ ಸ್ಟೂಲ್ ಮಾಡಿಕೊಂಡು ಹೋಗಿದ್ದೆ. ಅಷ್ಟೂ ದಿನ ಗಾಡಿಯ ಮುಂದಿನ ಸೀಟಿನ ಕೆಳಗೇ ಇತ್ತು. ಬೇರೆ ಗಾಡಿಯ ಅಜ್ಜಿಯರೂ ಕೇಳಿ ಇಸಕೊಂಡು ಹತ್ತಿದರು.

ಅರೂಷಾದ ಮಾತು ಬಂದಿದೆ, ಇದೊಂದು ಹೇಳಿಬಿಡುತ್ತೇನೆ. ಟಾಂಜಾನಿಯಾದಲ್ಲಿ ಆಟೋರಿಕ್ಷಾಕ್ಕೆ 'ಬಜಾಜಿ' ಅಂತಲೇ ಹೆಸರು. ಯಾವ ಕಂಪನಿಯ ರಿಕ್ಷಾ ಆದರೂ ಬಜಾಜಿಯೇ. ಅರೂಷಾದ ಮಾರುಕಟ್ಟೆ ಹತ್ತಿರ ಒಬ್ಬ ಹುಡುಗ ತನ್ನ ರಿಕ್ಷಾ ಪಕ್ಕಕ್ಕೆ ವಾಲಿಸಿ ಹಿಂದಿನ ಗಾಲಿ ಬಿಚ್ಚಿಕೊಂಡು ಕೂತಿದ್ದ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಭಾಷೆ ಬಾರದು. ಅವನು ಪಾನಾ ಕೊಟ್ಟ, ನಾನು ನಟ್ಟು ಬಿಗಿದೆ. 'ಇಂಡಿಯಾ, ಪುಣೆ, ಬಜಾಜ್' ಅಂತ ಎದೆ ಮುಟ್ಟಿ ತೋರಿಸಿದೆ. ಅವನು ಎದ್ದು ನಿಂತು ಎಣ್ಣೆ ಹತ್ತಿದ ಎರಡೂ ಕೈಯಲ್ಲಿ ನನ್ನ ಕೈ ಹಿಡಿದ. ಆ ಪ್ರವಾಸದಲ್ಲಿ ನನಗೆ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ, ಸಿಂಹವೂ ಇಲ್ಲ.

ಊಟಕ್ಕೆ ಚಿಂತೆ ಬೇಡ. ಕೆನ್ಯಾದಲ್ಲಿ ರೈಲು ಹಾಕೋಕೆ 1896ರಿಂದ 1901ರ ನಡುವೆ ನಮ್ಮ ದೇಶದಿಂದ ಸುಮಾರು 32 ಸಾವಿರ ಕೂಲಿಗಳು ಹೋಗಿದ್ದರು. 2,500 ಜನರ ಹತ್ತಿರ ಅಲ್ಲೇ ಸತ್ತರು. ಉಳಿದವರಲ್ಲಿ ಕೆಲವರು ಅಲ್ಲೇ ನೆಲೆ ನಿಂತರು, ಅವರ ಹಿಂದೆ ಅಂಗಡಿ ಇಡುವವರು ಹೋದರು. ಚಪಾತಿ, ಚಾಯ್, ದುಕಾ (ಅಂಗಡಿ), ಗಾರಿ (ಗಾಡಿ) ಎಲ್ಲ ಈಗ ಸ್ವಾಹಿಲಿ ಮಾತುಗಳೇ. ಬೇಯಿಸಿದ ಬೀನ್ಸ್, ಅನ್ನ, ಸೊಪ್ಪಿನ ಪಲ್ಯ ಎಲ್ಲ ಕಡೆ ಸಿಗುತ್ತೆ. ಸೊಪ್ಪಿಗೆ 'ಸುಕುಮಾ ವಿಕಿ' ಅನ್ನುತ್ತಾರೆ. ಅಂದರೆ ವಾರ ತಳ್ಳುವುದು. ಸಂಬಳ ಮುಗಿದ ಮೇಲೂ ವಾರ ನೂಕುವ ಸೊಪ್ಪು ಅಂತ. 'ಉಗಾಲಿ' ಅಂದರೆ ಗೋವಿನಜೋಳದ ಹಿಟ್ಟಿನ ಮುದ್ದೆ. ತುಂಡು ಮುರಿದು, ಹೆಬ್ಬೆರಳಿನಲ್ಲಿ ಒಂದು ಕುಳಿ ಮಾಡಿ, ಸೊಪ್ಪು ತುಂಬಿ ತಿನ್ನುತ್ತಾರೆ. ನನಗೆ ನಮ್ಮವ್ವ ಮಾಡುತ್ತಿದ್ದ ಸಂಗಟಿ ನೆನಪಾಯಿತು.

ನೀವು ತುಮಕೂರಿನವರು, ಅದಕ್ಕೆ ಇದನ್ನು ಬಿಡಿಸಿ ಹೇಳಬೇಕು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷದ ಹಿಂದೆ ಅಲ್ಲಿಂದಲೇ ನಮ್ಮ ಕಡೆಗೆ ಬಂದಿದ್ದು. ಅಲ್ಲಿ ಅದರ ಹೆಸರು 'ವಿಂಬಿ'. ಅದರ ಅಂಬಲಿ 'ಉಜಿ'. ನಮ್ಮ ಟೆಂಟಿನ ಊಟದ ಮನೆಯಲ್ಲಿ ಪ್ರವಾಸಿಗರಿಗೆ ಅಂತ ಬ್ರೆಡ್ಡು, ಹಣ್ಣು ಇಟ್ಟಿದ್ದರು. ಅಡಿಗೆಯವನು ತನಗೆ ಅಂತ ಒಲೆಯ ಮೂಲೆಯಲ್ಲಿ ಕಂದು ಬಣ್ಣದ್ದು ಏನೋ ಕುದಿಸುತ್ತಿದ್ದ. ವಾಸನೆಗೇ ನಮ್ಮ ಮನೆಯವರು ಎದ್ದು ಹೋದರು. ಕೇಳಿದ ಕೂಡಲೇ ಒಂದು ಮಗ್ಗು ತುಂಬಿಸಿ ಕೊಟ್ಟ. ಆಮೇಲೆ ದಿನಾ ಬೆಳಗ್ಗೆ ಎರಡು ಮಗ್ಗು ನಮಗೆ ಅಂತ ಎತ್ತಿಡುತ್ತಿದ್ದ. ಅಮ್ಮ ಕೇಳಿದರೆ ಖಂಡಿತ ಕೊಡುತ್ತಾರೆ, 'ಉಜಿ ವಾ ವಿಂಬಿ' ಅನ್ನಬೇಕು.

ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಕೆನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಇರಲಿ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಹೋದ ನಮ್ಮ ಗುಂಪಿನವರು ನ್ಗೊರೊಂಗೊರೊದ ಅಂಚಿನಲ್ಲಿ ರಾತ್ರಿಯೆಲ್ಲ ನಡುಗಿದರು. ಅದು 2,300 ಮೀಟರ್ ಎತ್ತರದ ಜಾಗ. ನೀಲಿ, ಕಪ್ಪು ಬಟ್ಟೆ ಬೇಡ. ಆ ಬಣ್ಣಕ್ಕೆ ತ್ಸೆತ್ಸೆ ನೊಣ ಬರುತ್ತೆ, ಬಟ್ಟೆಯ ಮೇಲಿಂದಲೇ ಕಚ್ಚುತ್ತೆ.

ಇನ್ನು ಆಗಸ್ಟಾ, ಫೆಬ್ರವರಿನಾ. ಫೆಬ್ರವರಿಯಲ್ಲಿ ವಿಲ್ಡೆಬೀಸ್ಟ್ ಅನ್ನುವ ದನದಂಥ ಕಾಡುಪ್ರಾಣಿಯ ಹಿಂಡು ಸೆರೆಂಗೆಟಿಯ ದಕ್ಷಿಣಕ್ಕೆ, ನ್ಡುಟು ಕಡೆ ಇದ್ದು ಕರು ಹಾಕುತ್ತೆ. ಆಗ ಹೋದರೆ ಟಾಂಜಾನಿಯಾ ಒಂದೇ ಸಾಕು, ಗಡಿಯ ಆ ಉದ್ದ ದಾರಿಯೇ ಉಳಿಯುತ್ತೆ. ಆಗಸ್ಟ್‌ನಲ್ಲಿ ಹಿಂಡು ಮಾರಾ ನದಿಯ ಎರಡೂ ದಂಡೆಯಲ್ಲಿ ಇರುತ್ತೆ. ಜುಲೈಯಿಂದ ಡಿಸೆಂಬರ್‌ವರೆಗೆ ಮಾರಾದ ಒಳಗೆ ಹೋಗೋಕೆ ವಿದೇಶಿಯರಿಗೆ ತಲಾ ದಿನಕ್ಕೆ 200 ಡಾಲರ್. ಅದು ಟೂರಿನ ದುಡ್ಡಿನಲ್ಲಿ ಸೇರಿದೆಯಾ ಅಂತ ಕೇಳಿ.

ಆದರೆ 'ಹಿಂಡು ನದಿ ದಾಟುವುದು ತೋರಿಸುತ್ತೇವೆ' ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ನಾವು ನೋಡಿದ್ದು ಹೇಳುತ್ತೇನೆ. ಬೆಳಗ್ಗೆ 9 ಗಂಟೆಗೆ ದಂಡೆಯಲ್ಲಿ ನಿಂತೆವು. ಎದುರು ದಿಬ್ಬದಲ್ಲಿ ಹಿಂಡು. ಗಾಳಿ ನಮ್ಮ ಕಡೆಗಿತ್ತು, ದನದ ಸಂತೆಯ ವಾಸನೆ. ಒಂದು ಗೂಳಿ ಇಳಿದು ಬಂದು ಮುಂಗಾಲು ನೀರಿಗೆ ಇಟ್ಟಿತು. ಮೂಗು ನೀರಿಗೆ ತಾಗಿಸಿತು. ಹಿಂದಿನ ಕಾಲು ಕೆಸರಿನಲ್ಲಿ ಜಾರುತ್ತಿತ್ತು. ಒಮ್ಮೆಲೇ ತಿರುಗಿ ಓಡಿತು, ಇಡೀ ಹಿಂಡು ಅದರ ಹಿಂದೆ. ಹೀಗೆ ನಾಲ್ಕು ಸಲ. ಅಷ್ಟರಲ್ಲಿ ನಮ್ಮ ದಂಡೆಗೆ ಗಾಡಿಗಳು ಬಂದು ತುಂಬಿದವು. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಜಾಸ್ತಿ ಗಾಡಿ ನಿಲ್ಲಬಾರದು ಅಂತ ಮಾರಾದಲ್ಲಿ ನಿಯಮ ಇದೆ, ನದಿ ಹತ್ತಿರ ಅದನ್ನು ಯಾರೂ ಕೇಳುವವರಿಲ್ಲ. ಒಂದು ಗಾಡಿಯಂತೂ ಅವು ಹತ್ತಿ ಬರುವ ಇಳಿಜಾರಿನ ಬಾಯಿಗೇ ಹೋಗಿ ನಿಂತಿತು.

ನಮ್ಮ ಗೈಡ್ ಇಂಜಿನ್ ಶುರು ಮಾಡಿ ಹಿಂದಕ್ಕೆ ತೆಗೆದ. 'ಸರಿಯಾದ ದಾರಿ ಕಟ್ಟಿದರೆ ಅವು ಕಡಿದಾದ ದಂಡೆಗೆ ಹೋಗುತ್ತವೆ, ಕಾಲು ಮುರಿದುಕೊಳ್ಳುತ್ತವೆ, ನನಗೆ ಅದು ಬೇಡ' ಅಂದ. ನಮ್ಮ ಗುಂಪಿನಲ್ಲಿ ಒಬ್ಬರು ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ ಅಂತ ಸಿಟ್ಟಾದರು. ನಾನು ಗೈಡ್ ಪರ ಮಾತಾಡಿದೆ. ಒಂದು ಗಂಟೆಯ ಮೇಲೆ ಹಿಂಡು ಕೆಳಗಿನ ತಿರುವಿನಲ್ಲಿ ದಾಟಿತು. ನಮಗೆ ಕಂಡಿದ್ದು ಧೂಳು, ಕೇಳಿದ್ದು ಸದ್ದು. ಎಲ್ಲ ಮುಗಿದು ಗಾಡಿಗಳು ಹೋದ ಮೇಲೆ, ದಾಟಿ ಬಂದ ಒಂದು ತಾಯಿ ವಾಪಸ್ ನೀರಿನ ಅಂಚಿಗೆ ಬಂದು ಕೂಗುತ್ತಾ ನಿಂತಿತು. ಕರು ಆಚೆಯೇ ಉಳಿದಿತ್ತು. ಅದೂ ಕೂಗುತ್ತಿತ್ತು. ನಮ್ಮ ಮನೆಯವರು ದುರ್ಬೀನು ಕೆಳಗೆ ಇಳಿಸಲೇ ಇಲ್ಲ. ಕರು ಒಂದೇ ನೀರಿಗೆ ಬಿತ್ತು, ಪ್ರವಾಹ ಸ್ವಲ್ಪ ಕೆಳಕ್ಕೆ ಎಳೆಯಿತು, ಹತ್ತಿತು. ತಾಯಿ ಮೂಸಿ ನೋಡಿ ಹಾಲಿಗೆ ಬಿಟ್ಟಿತು. ನೀವು ಗೈಡ್‌ಗೆ ಮೊದಲ ದಿನವೇ ಹೇಳಿಬಿಡಿ, ನಮಗೆ ಅವಸರ ಇಲ್ಲ ಅಂತ. ಒಳ್ಳೆಯ ಗೈಡ್‌ಗೆ ಆ ಮಾತು ಬಹಳ ಖುಷಿ ಕೊಡುತ್ತೆ.

ಹಳ್ಳಿಯ ವಿಷಯ ನಾನು ಹೇಳಲಾರೆ. ನಮ್ಮನ್ನು ಕರೆದುಕೊಂಡು ಹೋದ ಕಡೆ ಕುಣಿತ ಮುಗಿದ ಕೂಡಲೇ ವ್ಯಾಪಾರ ಶುರುವಾಯಿತು. ತಲಾ ಕೊಟ್ಟ ದುಡ್ಡು ಆ ಮನೆಯವರಿಗೆ ಎಷ್ಟು ಹೋಯಿತೋ ಅಂತ ಮನಸ್ಸಿಗೆ ಸಮಾಧಾನ ಆಗಲಿಲ್ಲ.

ಯಲ್ಲಾಪುರದವಳು, ವಾಸ್ಕೋ

ಅಕ್ಕಾ, ಹಳ್ಳಿ ಭೇಟಿಯ ಬಗ್ಗೆ ನಾನು ಬರೆಯುತ್ತೇನೆ. ನಾನು ಸಿದ್ದಿ ಸಮುದಾಯದವಳು. ಯಲ್ಲಾಪುರದ ಹತ್ತಿರದ ಕಾಡಿನ ಊರು, ಈಗ ವಾಸ್ಕೋದಲ್ಲಿ ಶಾಲೆಯೊಂದರಲ್ಲಿ ಕೆಲಸ. ನಮ್ಮ ಹಿರಿಯರನ್ನು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದು ಪೋರ್ಚುಗೀಸರು ಮಾರಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಉತ್ತರ ಕನ್ನಡದ ಕಾಡು ಸೇರಿದರು.

ನಮ್ಮ ಊರಿಗೂ ಕ್ಯಾಮರಾ ಹಿಡಿದು ಜನ ಬರುತ್ತಾರೆ. ಗಾಡಿ ನಿಲ್ಲಿಸಿದ ಕೂಡಲೇ 'ಡಮಾಮಿ ಬಾರಿಸಿ, ಕುಣಿಯಿರಿ' ಅನ್ನುತ್ತಾರೆ. ನಮ್ಮ ಮಕ್ಕಳ ಕೂದಲು ಮುಟ್ಟಿ ನೋಡುತ್ತಾರೆ. ಅದೇ ಊರಿಗೆ ಒಮ್ಮೆ ಒಬ್ಬರು ವಯಸ್ಸಾದ ಮೇಷ್ಟ್ರು ಬಂದಿದ್ದರು. ನನ್ನ ಅಜ್ಜಿಯ ಹತ್ತಿರ ಕೂತು, ಈ ಸಲ ಭತ್ತ ಹೇಗಾಯಿತು, ಜೇನು ಎಷ್ಟು ಸಿಕ್ಕಿತು ಅಂತ ಕೇಳಿದರು. ಚಹಾ ಕುಡಿದರು. ಅಜ್ಜಿಯೇ ಎದ್ದು ಡಮಾಮಿ ತರಿಸಿದಳು. ಎರಡೂ ಕಣ್ಣಾರೆ ಕಂಡವಳು ನಾನು. ಅದಕ್ಕೆ ಹೇಳುತ್ತೇನೆ, ಹೋಗುವುದು ತಪ್ಪಲ್ಲ, ಹೇಗೆ ಹೋಗುತ್ತೀರಿ ಅನ್ನುವುದು ಮುಖ್ಯ.

ನಿಮ್ಮ ಅಮ್ಮ ಹಳ್ಳಿಯಲ್ಲಿ ಬದುಕಿದವರು, ಅವರಿಗೆ ಅಲ್ಲಿ ಮಾತಾಡೋಕೆ ಬೇಕಾದಷ್ಟಿದೆ. ಮಸಾಯಿ ಹಟ್ಟಿಯ ಮನೆ ಕಟ್ಟುವುದು ಹೆಂಗಸರು. ಕಡ್ಡಿ ನೆಟ್ಟು ಹೆಣೆದು, ಮಣ್ಣು ಸಗಣಿ ಕಲಸಿ ಮೆತ್ತುತ್ತಾರೆ. ಸಗಣಿ ಎಷ್ಟು ಹದಕ್ಕೆ ಇರಬೇಕು, ಮಳೆಗಾಲದಲ್ಲಿ ಏನು ಮಾಡುತ್ತಾರೆ ಅಂತ ಅಮ್ಮ ಕೇಳಲಿ. ದನಗಳ ಬಗ್ಗೆ ಕೇಳಲಿ. ಮಸಾಯಿಗಳಿಗೆ ದನವೇ ಆಸ್ತಿ, ದನವೇ ಮಾನ. ಹೋಗುವ ಮೊದಲು ಗೈಡ್ ಹತ್ತಿರ ಸ್ಪಷ್ಟವಾಗಿ ಕೇಳಿ, ತಲಾ ಎಷ್ಟು, ಯಾರ ಕೈಗೆ ಅಂತ. ಊರಿನ ಹಿರಿಯರ ಕೈಗೇ ನಾನೇ ಕೊಡುತ್ತೇನೆ ಅನ್ನಿ. ಮಕ್ಕಳ ಫೋಟೋ ಬೇಡ. ಮಣಿಸರ ಬೇಕಿದ್ದರೆ, ಅದನ್ನು ಕಟ್ಟಿದವಳ ಹತ್ತಿರವೇ ಕೊಳ್ಳಿ.

ಇನ್ನೊಂದು ವಿಷಯವೂ ಗೊತ್ತಿರಲಿ. ಸೆರೆಂಗೆಟಿ ಅನ್ನುವ ಹೆಸರೇ ಮಸಾಯಿ ಮಾತಿನಿಂದ ಬಂದಿದ್ದು. ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿ, 1959ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ನ್ಗೊರೊಂಗೊರೊ ಕಡೆಗೆ ಕಳಿಸಿದರು. 2022ರಿಂದ ನ್ಗೊರೊಂಗೊರೊದಿಂದಲೂ ದೂರದ ಊರಿಗೆ ಕಳಿಸುತ್ತಿದ್ದಾರೆ. ನಾಗರಹೊಳೆಯ ಜೇನುಕುರುಬರ ಕಥೆ ಗೊತ್ತಿರುವ ನಮಗೆ ಇದು ಹೊಸದಲ್ಲ. ಖಾಲಿ ಕಾಡು ನೋಡಿ ಎಷ್ಟು ಚಂದ ಅನ್ನುವಾಗ ನನಗೆ ಈ ವಿಷಯ ನೆನಪಾಗದೆ ಇರೋದಿಲ್ಲ.

ನಾನು ಹೋಗಿದ್ದು ಕಾಡಿಗಲ್ಲ, ಜಾಂಜಿಬಾರ್‌ಗೆ. ಅದೂ ಟಾಂಜಾನಿಯಾಕ್ಕೇ ಸೇರಿದ ದ್ವೀಪ. ಅಲ್ಲಿನ ಸ್ಟೋನ್ ಟೌನ್‌ನಲ್ಲಿ ಹಳೆಯ ಗುಲಾಮರ ಸಂತೆ ಇದ್ದ ಜಾಗದಲ್ಲಿ ಈಗ ಚರ್ಚ್ ಇದೆ. ಸಂತೆ 1873ರಲ್ಲಿ ಮುಚ್ಚಿತು. ಹೊರಗೆ ಒಂದು ಗುಂಡಿಯಲ್ಲಿ ಮೂರ್ತಿಗಳಾಗಿ ಐದು ಜನ ನಿಂತಿದ್ದಾರೆ, ಕುತ್ತಿಗೆಗೆ ಸರಪಳಿ. ಆ ಸರಪಳಿ ಮಾತ್ರ ಆ ಕಾಲದ್ದೇ. ಅವರಲ್ಲಿ ಒಬ್ಬಳ ಕೆನ್ನೆ ನನ್ನ ಅಜ್ಜಿಯದೇ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಹೊರಗೆ ಬಂದಾಗ ಬಾಳೆಹಣ್ಣು ಮಾರುವವಳು ನನ್ನನ್ನು ಅಲ್ಲಿಯವಳೇ ಅಂದುಕೊಂಡು ಸ್ವಾಹಿಲಿಯಲ್ಲಿ ಗಡಗಡ ಮಾತಾಡಿದಳು. ನಾನು 'ಇಂಡಿಯಾ' ಅಂದೆ. ಅವಳು ನಂಬಲಿಲ್ಲ. ನನ್ನ ಮುಖ ಹಿಡಿದು ತಿರುಗಿಸಿ ನೋಡಿ, ಪಕ್ಕದವಳನ್ನು ಕರೆದಳು. ಇಬ್ಬರೂ ಸೇರಿ ಎರಡು ಹಣ್ಣು ಜಾಸ್ತಿ ಇಟ್ಟರು. ನಿಮ್ಮ 11 ದಿನದಲ್ಲಿ ಒಂದು ಕಾಡು ಬಿಟ್ಟು ಎರಡು ದಿನ ಜಾಂಜಿಬಾರ್ ಸೇರಿಸೋಕೆ ಆದರೆ ನೋಡಿ. ಪಾಠ ಮಾಡಿದ ಟೀಚರಿಗೆ ಅದೂ ಬೇಕು.

ತುಮಕೂರಿನವಳು, ಡೊಂಬಿವಲಿ

ಮೂವರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಎಲ್ಲವನ್ನೂ ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ರಾಗಿಯ ಭಾಗವನ್ನು ಎರಡು ಸಲ ಓದಿಸಿದರು. ಗುಲಾಮರ ಸಂತೆಯ ಭಾಗ ಬಂದಾಗ ಸುಮ್ನಾದರು. ಆಮೇಲೆ, "ಪಾಠದಲ್ಲಿ ಎರಡೇ ಸಾಲು ಇತ್ತು, ನಾನೂ ಎರಡೇ ಸಾಲು ಹೇಳಿ ಮುಂದಕ್ಕೆ ಹೋದೆ" ಅಂದರು.

ನಕುರು, ಅಂಬೋಸೆಲಿ ಎರಡೂ ಬಿಡುತ್ತಿದ್ದೇವೆ. ಮಾರಾ, ಸೆರೆಂಗೆಟಿ, ನ್ಗೊರೊಂಗೊರೊ, ಕೊನೆಗೆ ಎರಡು ರಾತ್ರಿ ಜಾಂಜಿಬಾರ್. ಟೂರಿನವರು ಬೆಲೆ ಹೇಳಿ ಕಳಿಸುತ್ತಾರಂತೆ. ಕಿಲಿಮಂಜಾರೋ ಅರೂಷಾದಿಂದ ಹೊರಡುವ ವಿಮಾನದ ಕಿಟಕಿಯಲ್ಲಿ ಕಂಡರೆ ಸಾಕು ಅಂದರು ಅಮ್ಮ. ಸ್ಟಿರಾಯ್ಡ್ ಇಲ್ಲ, ಬರೀ ಸವೆತದ ನೋವು. ಡಾಕ್ಟರ ಹತ್ತಿರ ಈ ಶನಿವಾರ ಹೋಗುತ್ತೇವೆ. ಲಸಿಕೆಯ ಮೊಟ್ಟೆಯ ವಿಷಯ ಹೇಳಿದೆ. "ಔಷಧಿಗೆ ಮಡಿ ಇಲ್ಲ" ಅಂದುಬಿಟ್ಟರು.

ನಿಗಡಿ ಅಣ್ಣಾ, ಒಂದು ಪ್ರಶ್ನೆ. ಆ ಸ್ಟೂಲಿನ ಅಳತೆ ಹೇಳುತ್ತೀರಾ? ಇಲ್ಲಿ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸುತ್ತೇನೆ. ಮತ್ತೆ, ಅಮ್ಮ ಭೂಮಧ್ಯ ರೇಖೆ ದಾಟಬೇಕು ಅನ್ನುತ್ತಿದ್ದಾರೆ. ಈ ದಾರಿಯಲ್ಲಿ ಅದು ಸಿಗುತ್ತಾ?

ಗದಗದವರು, ನಿಗಡಿ

ಸಿಗುತ್ತೆ, ಆದರೆ ರಸ್ತೆಯಲ್ಲಿ ಅಲ್ಲ. ನೈರೋಬಿ ಇರುವುದೇ ರೇಖೆಯ ಸ್ವಲ್ಪ ದಕ್ಷಿಣಕ್ಕೆ. ಮುಂಬೈಯಿಂದ ಹೋದ ವಿಮಾನ ಇಳಿಯುವ ಸ್ವಲ್ಪ ಮೊದಲು ಅದನ್ನು ದಾಟುತ್ತೆ. ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಇದ್ದರೆ ಹಾಕಿಡಿ, ಇಲ್ಲದಿದ್ದರೆ ವಿಮಾನದ ಹುಡುಗಿಗೆ ಹೇಳಿದರೆ ತಿಳಿಸುತ್ತಾರೆ. ನೈರೋಬಿಯಿಂದ ಮಾರಾಕ್ಕೆ ಹೋಗುವಾಗ ಘಟ್ಟ ಇಳಿಯುವ ಮುಂಚೆ ಗಾಡಿ ನಿಲ್ಲಿಸುತ್ತಾರೆ. ಅಲ್ಲಿಂದ ಕೆಳಗೆ ಕಾಣುವುದೇ ಮಹಾ ಬಿರುಕು ಕಣಿವೆ. ಅಮ್ಮನಿಗೆ ಅಲ್ಲಿ ಅರ್ಧ ಗಂಟೆಯಾದರೂ ಕೊಡಿಸಿ, ಬೇರೆಯವರು ಅಷ್ಟರಲ್ಲಿ ಚಾಯ್ ಕುಡಿಯಲಿ.

ಒಂದು ಮಾತು ಬರೆಯೋದು ಮರೆತಿದ್ದೆ. ಅಲ್ಲಿ ಹುಡುಗರು ಹಿರಿಯರನ್ನು ಕಂಡರೆ 'ಶಿಕಮೂ' ಅನ್ನುತ್ತಾರೆ. ನಿಮ್ಮ ಕಾಲು ಹಿಡಿದೆ ಅಂತ ಅದರ ಅರ್ಥವಂತೆ. ಹಿರಿಯರು 'ಮರಹಬಾ' ಅನ್ನಬೇಕು. ಸುಮ್ನೆ ನಕ್ಕು ಬಿಟ್ಟರೆ ಅವರು ಕಾಯುತ್ತಾ ನಿಂತೇ ಇರುತ್ತಾರೆ. ಅಮ್ಮನಿಗೆ ಈಗಲೇ ಕಲಿಸಿಬಿಡಿ.

ಸ್ಟೂಲ್ ಮಾಡಿಸಬೇಡಿ. ನಮ್ಮದು ಅಟ್ಟದ ಮೇಲೆ ಸುಮ್ನೆ ಕೂತಿದೆ. ಕಾಲಿನ ರಬ್ಬರ್ ಮಾತ್ರ ಸವೆದಿದೆ, ಈ ವಾರ ಹೊಸದು ಹಾಕುತ್ತೇನೆ. ಮಗಳ ಮನೆಗೆ ಅಂತ ಮುಂದಿನ ತಿಂಗಳು ಸಿಂಹಗಡ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತಿದ್ದೇವೆ. ಕಲ್ಯಾಣದಲ್ಲಿ ಇಳಿಯುತ್ತೇವೆ, ನೀವು ಸ್ಟೇಷನ್ನಿಗೆ ಬನ್ನಿ. ಆಗುವುದಾದರೆ ಅಮ್ಮನನ್ನೂ ಕರೆದುಕೊಂಡು ಬನ್ನಿ, ಎತ್ತರ ಸರಿಯಾಗುತ್ತಾ ಅಂತ ಅಲ್ಲೇ ಹತ್ತಿಸಿ ನೋಡೋಣ.